ಸದರಿ ಎಮ್ಮೆಯ ಕರಾರು

ನಾನು ಬರೆದ ಎಮ್ಮೆಯ ಕರಾರಿನಲ್ಲಿ ಇವತ್ತಿನವರೆಗೆ ಯಾರಿಗೂ ಒಂದು ತೂತು ಸಿಕ್ಕಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಆ ತೂತನ್ನು ಎಲ್ಲರಿಗಿಂತ ಹೆಚ್ಚು ಹುಡುಕಿದವಳು ನಾನೇ ಆದ್ದರಿಂದ ಖಾತ್ರಿಯಾಗಿ ಹೇಳಬಲ್ಲೆ.

ಸುರಪುರದಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ನಾನು ಹದಿನೆಂಟು ವರ್ಷಗಳಿಂದ ಟೈಪ್ ಮಾಡುತ್ತಿದ್ದೇನೆ. ಬಾಡಿಗೆ ಕರಾರು, ಖರೀದಿ ಕರಾರು, ಪಾಲು ಪತ್ರ, ಏನೇ ಇರಲಿ, ಸಾಹೇಬರು ಎರಡು ಮಾತು ಹೇಳಿದರೆ ಉಳಿದ ನಾಲ್ಕು ಪುಟ ನನ್ನ ಬೆರಳಿಗೆ ತಾನೇ ಬರುತ್ತದೆ. ಕರಾರಿನಲ್ಲಿ ಮುಖ್ಯವಾದುದು ಏನು ಎಂದು ಕೇಳಿದರೆ ಜನ ಸಹಿ ಎನ್ನುತ್ತಾರೆ, ಕೆಲವರು ಸ್ಟ್ಯಾಂಪು ಎನ್ನುತ್ತಾರೆ. ನಮ್ಮ ಸಾಹೇಬರ ಪ್ರಕಾರ ಮುಖ್ಯವಾದುದು ನಂಬರು.

“ಸಾವಿತ್ರಿ, ಶಹಾಪುರ ಸಂತ್ಯಾಗ ನಿಂತು ಮಲ್ಲಪ್ಪ ಅಂತ ಕೂಗಿ ನೋಡು. ನಲವತ್ತು ಮಂದಿ ಹೊಳ್ಳಿ ನೋಡತಾರ. ಆಧಾರ್ ನಂಬರ್ ಹಿಡಿದು ಕೂಗು, ಒಬ್ಬನ ನೋಡತಾನ,” ಎಂದು ಅವರು ಆಧಾರ್ ಬಂದ ವರ್ಷವೇ ಹೇಳಿದ್ದರು.

ಆಧಾರ್ ನಂಬರ್ ಹಿಡಿದು ಕೂಗಿದರೆ ಆ ಒಬ್ಬನೂ ನೋಡುವುದಿಲ್ಲ ಎಂದು ನನಗೆ ಆಗಲೇ ಅನಿಸಿತ್ತು. ಆದರೆ ಮಾತಿನ ತಿರುಳು ಹಿಡಿಸಿತು. ಹೊಲಕ್ಕೆ ಸರ್ವೆ ನಂಬರು, ಟ್ರ್ಯಾಕ್ಟರಿಗೆ ಚಾಸಿ ನಂಬರು, ಮನೆಗೆ ಮೀಟರಿನ ನಂಬರು. ನಂಬರನ್ನು ಸುಮ್ಮನೆ ಬರೆದರೂ ಸಾಲದು. ಅದು ಯಾವ ನಂಬರು, ಎಲ್ಲಿ ಕೆತ್ತಿದೆ, ಯಾವುದನ್ನು ಗುರುತಿಸುತ್ತದೆ, ಮುಂದೆ ಕರಾರಿನಲ್ಲಿ ಅದನ್ನು ಏನೆಂದು ಕರೆಯುವುದು ಎಂದು ಮೊದಲೇ ಹೇಳಿಬಿಡಬೇಕು. ಹಾಗೆ ಹೇಳಿದ ಮೇಲೆ ಅದಕ್ಕೆ ‘ಸದರಿ ಸಂಖ್ಯೆ’ ಎಂಬ ಗೌರವದ ಹೆಸರು ಬರುತ್ತದೆ. ಆಮೇಲೆ ಬ್ರಹ್ಮ ಬಂದರೂ ಅದನ್ನು ಅಲುಗಾಡಿಸಲಾರ.

ನಮ್ಮ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಗಂಗಿ ಮತ್ತು ರಾಣಿ. ಎರಡನ್ನೂ ನೋಡಿಕೊಳ್ಳುವವರು ನಮ್ಮ ಅತ್ತೆ ಈರಮ್ಮ. ಗಂಗಿಯನ್ನು ಅವರು ಕರುವಾಗಿದ್ದಾಗಿನಿಂದ ಕೈಯಾರೆ ಬೆಳೆಸಿದವರು. ನಾನು ಸೊಸೆಯಾಗಿ ಬಂದ ಮೇಲೆ ಹುಟ್ಟಿದ್ದರೂ ಆ ಮನೆಯಲ್ಲಿ ಗಂಗಿ ನನಗಿಂತ ಹಿರಿಯಳು. ರಾಣಿ ಆಮೇಲೆ ಬಂದವಳು. ಹಾಲು ಚೆನ್ನಾಗಿ ಕೊಡುತ್ತಿದ್ದಳು, ಒದೆಯನ್ನೂ ಅಷ್ಟೇ ಚೆನ್ನಾಗಿ ಕೊಡುತ್ತಿದ್ದಳು. ಅತ್ತೆಗೆ ಒಂದು ದಿನವೂ ಒದ್ದಿರಲಿಲ್ಲ. ನನಗೆ ಎರಡು ಸಲ ಒದ್ದಿದ್ದಳು. ಅಂದಿನಿಂದ ನಾನು ರಾಣಿಯನ್ನು ಕೊಟ್ಟಿಗೆಯ ಬಾಗಿಲಿನಿಂದಲೇ ಗೌರವಿಸುತ್ತಿದ್ದೆ.

ಅತ್ತೆಗೆ ಮೊಣಕಾಲು ನೋವು ಹೆಚ್ಚಾಗಿ, ಒಂದು ಎಮ್ಮೆ ಸಾಕು ಎಂದು ತೀರ್ಮಾನವಾಯಿತು. ವನದುರ್ಗದಿಂದ ಭೀಮರಾಯ ಎಂಬ ರೈತ ಬಂದು ನೋಡಿದ. ಅತ್ತೆ ಅವನ ಎದುರಿಗೇ ರಾಣಿಯನ್ನು ಹಿಂಡಿ ತೋರಿಸಿದರು. ಅವನಿಗೆ ಒಪ್ಪಿಗೆಯಾಯಿತು. ಮಾತು ಮುಗಿಯಿತು, ಹಣ ಕೊಡುವುದು ತೆಗೆದುಕೊಳ್ಳುವುದೂ ಆಯಿತು. ಸೋಮವಾರ ಬಂದು ಎಮ್ಮೆ ಒಯ್ಯುತ್ತೇನೆಂದು ಹೇಳಿ ಹೋದ. ಅಷ್ಟರಲ್ಲಿ ತಿಂಥಣಿಯಲ್ಲಿರುವ ನಾದಿನಿಯ ಮನೆಯಲ್ಲಿ ಮಗುವಿನ ತೊಟ್ಟಿಲ ಕಾರ್ಯ ಬಂತು. ಅತ್ತೆ ನಾಲ್ಕು ದಿನಕ್ಕೆ ಹೊರಟು ನಿಂತರು.

“ಸೋಮವಾರ ಭೀಮರಾಯ ಬಂದ್ರ ಎಮ್ಮಿ ಕೊಟ್ಟು ಕಳಸು,” ಎಂದರು.

“ಕಾಗದ ಪತ್ರ ಏನರ ಮಾಡೂದ್ರಿ ಅತ್ತಿ?”

“ಎಮ್ಮಿಗಿ ಎಂಥಾ ಕಾಗದ? ಹಗ್ಗ ಕೈಯಾಗ ಕೊಟ್ರ ಆತು.”

ಹದಿನೆಂಟು ವರ್ಷದ ನನ್ನ ಅನುಭವಕ್ಕೆ ಈ ಮಾತು ಬಹಳ ನೋವು ಕೊಟ್ಟಿತು. ಊರಿನವರ ಕರಾರೆಲ್ಲ ಬರೆಯುವವಳು ನಾನು. ನನ್ನ ಮನೆಯ ಎಮ್ಮೆ ಬರೀ ಹಗ್ಗದ ಆಧಾರದ ಮೇಲೆ ವನದುರ್ಗಕ್ಕೆ ಹೋಗುವುದೇ? ಅತ್ತೆಯ ಬಸ್ಸು ಹೊರಟ ಮೇಲೆ ನಾನು ಬರೆಯಲು ಕುಳಿತೆ.

ಎಮ್ಮೆಗೆ ಚಾಸಿ ನಂಬರು ಇರುವುದಿಲ್ಲ ನಿಜ. ಆದರೆ ಸರ್ಕಾರ ಅದಕ್ಕೂ ಒಂದು ದಾರಿ ಮಾಡಿದೆ. ಪಶು ಆಸ್ಪತ್ರೆಯವರು ಪ್ರತಿ ದನದ ಕಿವಿಗೆ ಒಂದು ಹಳದಿ ಬಿಲ್ಲೆ ಚುಚ್ಚಿರುತ್ತಾರೆ. ಅದರ ಮೇಲೆ ಹನ್ನೆರಡು ಅಂಕಿಗಳ ನಂಬರು. ಕಚೇರಿಯ ಭಾಷೆಯಲ್ಲಿ ಅದಕ್ಕೆ ‘ಕಿವಿಯೋಲೆ’ ಎನ್ನುತ್ತಾರೆ. ಆ ಶಬ್ದ ನೆನಪಾದ ಕೂಡಲೇ ನನ್ನ ಕರಾರು ಅರ್ಧ ಮುಗಿದಂತಾಯಿತು.

ನನ್ನ ಗಂಡ ಶರಣಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ನಾನು ಬರೆಯುತ್ತಿದ್ದುದನ್ನು ಬೆನ್ನ ಹಿಂದೆ ನಿಂತು ಓದಿದರು.

“ಇದೇನ, ಎಮ್ಮಿ ಕೂಡ ಕಿವಿಯೋಲಿನೂ ಕೊಡ್ತೀವಿ ಅಂತ ಬರದಿ? ಬಂಗಾರದ್ದು ಅಂತ ತಿಳಕೊಂಡಾನ ಅಂವ.”

“ಅದಕ್ಕ ರೀ ವ್ಯಾಖ್ಯಾನ ಕೊಟ್ಟೀನಿ. ಒಂದನೇ ಷರತ್ತು ಓದ್ರಿ.”

ಒಂದನೇ ಷರತ್ತನ್ನು ನಾನೇ ಗಟ್ಟಿಯಾಗಿ ಓದಿದೆ. “ಸದರಿ ಸಂಖ್ಯೆ ಎಂದರೆ, ಎಮ್ಮೆಯ ಕಿವಿಯಲ್ಲಿ ಪಶು ವೈದ್ಯ ಇಲಾಖೆಯವರು ತೊಡಿಸಿರುವ ಹಳದಿ ಬಣ್ಣದ ಕಿವಿಯೋಲೆಯ ಮೇಲೆ ಮುದ್ರಿತವಾದ, ಈ ಕೆಳಗೆ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದಿರುವ ಹನ್ನೆರಡು ಅಂಕಿಗಳ ಸಂಖ್ಯೆ. ಸದರಿ ಎಮ್ಮೆ ಎಂದರೆ, ಸದರಿ ಸಂಖ್ಯೆಯನ್ನು ಕಿವಿಯಲ್ಲಿ ಧರಿಸಿರುವ ಎಮ್ಮೆಯೇ ಹೊರತು ಬೇರಾವ ಎಮ್ಮೆಯೂ ಅಲ್ಲ.”

ಗಂಡ ಇನ್ನೊಮ್ಮೆ ಕಾಗದದ ಮೇಲೆ ಬಾಗಿದರು. “ರಾಣಿ ಅಂತ ಬರದ್ರ ಆಗ್ತಿರಲಿಲ್ಲೇನ?” ಎಂದರು.

ಮಾಸ್ತರರಿಗೆ ಹಾಜರಿ ಪುಸ್ತಕದ ಆಚೆಗಿನ ಜಗತ್ತು ಗೊತ್ತಿರುವುದಿಲ್ಲ. ನಾನು ಏಳನೇ ಷರತ್ತನ್ನೂ ಓದಿದೆ. ಹೆಸರು, ಬಣ್ಣ, ಕೊಂಬು, ಬಾಲ, ವಯಸ್ಸು, ಸ್ವಭಾವ ಇವು ಯಾವುವೂ ಎಮ್ಮೆಯ ಗುರುತಾಗುವುದಿಲ್ಲ, ಸದರಿ ಸಂಖ್ಯೆಯೊಂದೇ ಅಂತಿಮ. ಒಂಬತ್ತನೇ ಷರತ್ತು: ಬರೆಯುವಾಗ ತಪ್ಪಾಯಿತು, ಕಣ್ತಪ್ಪಾಯಿತು, ಮರೆತೆ ಎಂದು ಯಾವ ಪಾರ್ಟಿಯೂ ತಕರಾರು ಮಾಡಕೂಡದು. ಹನ್ನೊಂದನೆಯದಂತೂ ನನ್ನ ಸ್ವಂತ ಸೃಷ್ಟಿ. ಸದರಿ ಎಮ್ಮೆಯ ಬದಲು ಬೇರೆ ಎಮ್ಮೆಯನ್ನು ಕೊಟ್ಟಿದ್ದು ಕಂಡುಬಂದರೆ, ಕೊಂಡವರು ಅದನ್ನು ಮರಳಿ ತಂದುಬಿಟ್ಟು ಸದರಿ ಎಮ್ಮೆಯನ್ನು ಒಯ್ಯಲು ಹಕ್ಕುಳ್ಳವರಾಗಿರುತ್ತಾರೆ. ಭೀಮರಾಯನಿಗೆ ನಮ್ಮ ಮೇಲೆ ಭರವಸೆ ಬರಲಿ ಎಂದು ಅದನ್ನು ಸೇರಿಸಿದೆ. ಬರೆದ ಮೇಲೆ ಮೂರು ಸಲ ಓದಿಕೊಂಡೆ. ಚೆನ್ನಾಗಿತ್ತು.

ಇನ್ನು ನಂಬರು ಬೇಕಿತ್ತು. ಎಮ್ಮೆಗಳ ದಾಖಲೆಯ ಕಾಗದ ಅತ್ತೆಯ ಟ್ರಂಕಿನಲ್ಲಿತ್ತು, ಕೀಲಿ ಅತ್ತೆಯ ಸೊಂಟದಲ್ಲಿತ್ತು, ಸೊಂಟ ತಿಂಥಣಿಯಲ್ಲಿತ್ತು. ಕಿವಿಯನ್ನೇ ನೋಡಬೇಕು. ಗಂಡನಿಗೆ ಹೇಳಿದರೆ, “ಕರಾರು ಬರದಾಕಿ ನೀನ. ನೀನ ನೋಡು,” ಎಂದರು. ಅವರಿಗೂ ರಾಣಿ ಒಮ್ಮೆ ಒದ್ದಿದ್ದಳು.

ನಾನು ಮೊಬೈಲ್ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತೆ. ಎರಡೂ ಎಮ್ಮೆಗಳು ಒತ್ತೊತ್ತಾಗಿ ನಿಂತು ಮೆಲುಕು ಹಾಕುತ್ತಿದ್ದವು. ಈ ಬದಿಗೆ ರಾಣಿ, ಆ ಬದಿಗೆ ಗಂಗಿ. ಒಂದು ಹೆಜ್ಜೆ ಒಳಗಿಟ್ಟೆ. ರಾಣಿ ಹಿಂಗಾಲನ್ನು ಸ್ವಲ್ಪ ಎತ್ತಿ ಇಟ್ಟಳು. ನಾನೂ ಹೆಜ್ಜೆಯನ್ನು ಎತ್ತಿ ಹಿಂದಿಟ್ಟೆ. ಈಗಿನ ಮೊಬೈಲುಗಳಲ್ಲಿ ದೂರದ್ದನ್ನು ಹತ್ತಿರ ಎಳೆದು ತೋರಿಸುವ ಸೌಲಭ್ಯ ಇರುವುದು ಇಂಥ ಹೊತ್ತಿಗೇ. ಎಳೆದೆ. ಕಪ್ಪು ಕತ್ತಿನ ಮೇಲೆ ಒಂದು ಕಿವಿ, ಕಿವಿಯಲ್ಲಿ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಸ್ಪಷ್ಟವಾಗಿ ಹನ್ನೆರಡು ಅಂಕಿ. ಕೊನೆಯದು ಎಂಟು. ಫೋಟೊ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಗಂಡನಿಗೂ ತೋರಿಸಿದೆ.

ಆ ಕತ್ತು ರಾಣಿಯದು, ಅದರ ಮೇಲಿನಿಂದ ಇಣುಕಿದ ಕಿವಿ ಗಂಗಿಯದು ಎಂಬುದು ಫೋಟೊದಲ್ಲಿ ಕಾಣುತ್ತಿರಲಿಲ್ಲ.

ಸೋಮವಾರ ಭೀಮರಾಯ ಟೆಂಪೊ ತೆಗೆದುಕೊಂಡು ಬಂದ. ಕರಾರು ಪೂರ್ತಿ ಐದು ಪುಟವಾಗಿತ್ತು. ನಾನು ಓದಿದೆ, ಅವನು ಕೈಕಟ್ಟಿ ನಿಂತು ಕೇಳಿದ. ಸರ್ಕಾರಿ ದಾಖಲೆಯಲ್ಲಿ ಎರಡೂ ಎಮ್ಮೆ ನನ್ನ ಗಂಡನ ಹೆಸರಿನಲ್ಲಿದ್ದುದರಿಂದ ಕೊಡುವವರ ಸಹಿ ಅವರದಾಯಿತು.

“ಅಕ್ಕಾರ, ನಾ ಹೊಲ ತಗೊಂಡಾಗೂ ಇಷ್ಟು ಹಾಳಿ ಇರಲಿಲ್ರಿ,” ಎಂದ ಭೀಮರಾಯ. ಅವನ ದನಿಯಲ್ಲಿ ಭಕ್ತಿ ಇತ್ತು. “ನಂಬರ್ ಒಮ್ಮಿ ಕಿವ್ಯಾಗ ನೋಡ್ಲೇನ್ರಿ?”

“ಫೋಟೊ ತಗದು ಬರದೀನಿ. ಒಂದು ಅಂಕಿ ಆಕಡೆ ಈಕಡೆ ಆಗಂಗಿಲ್ಲ,” ಎಂದೆ.

ಅವನು ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ರಾಣಿಯನ್ನು ಟೆಂಪೊ ಹತ್ತಿಸಿಕೊಂಡು ಹೋದ. ಆ ದಿನ ಕಚೇರಿಗೆ ಹೋಗುವಾಗ ನಾನು ಸ್ವಲ್ಪ ತಲೆ ಎತ್ತಿಯೇ ನಡೆದೆ.

ಒಂದು ವಾರ ಕಳೆಯಿತು. ಅತ್ತೆ ಊರಿನಿಂದ ಬಂದಿದ್ದರು. ಅಂಗಳದಲ್ಲಿ ಗಂಗಿಯ ಕೊಂಬಿಗೆ ಎಣ್ಣೆ ಹಚ್ಚುತ್ತಾ ಕುಳಿತಿದ್ದರು. ಅದೇ ಟೆಂಪೊ ಬಂದು ಬಾಗಿಲ ಮುಂದೆ ನಿಂತಿತು. ಹಿಂದೆ ರಾಣಿ ನಿಂತಿದ್ದಳು. ಮುಂದಿನಿಂದ ಭೀಮರಾಯ ಇಳಿದ. ಕುಂಟುತ್ತಾ ಇಳಿದ.

ಅವನು ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಬಹಳ ಮರ್ಯಾದೆಯಿಂದ ಕವರು ಬಿಚ್ಚಿದ.

“ಅಕ್ಕಾರ, ಈ ಎಮ್ಮಿ ನನಗ ಒದ್ದಾದ, ನನ್ನ ಹೇಣ್ತಿಗಿ ಒದ್ದಾದ, ನಮ್ಮ ಮಾವ ಮಾತಾಡ್ಸಾಕ ಬಂದಿದ್ರು, ಅವರಿಗೂ ಒದ್ದಾದ. ನನ್ನ ನಸೀಬ ಅಂತ ಸುಮ್ಮನಿದ್ನಿ. ನಿನ್ನಿ ದನಕ್ಕ ಲಸಿಕಿ ಹಾಕಾಕ ದವಾಖಾನಿಯವರು ಬಂದಿದ್ರು. ಕಿವ್ಯಾನ ನಂಬರ್ ಕೇಳಿದ್ರು. ನಾ ಈ ಕಾಗದ ತೋರ್ಸಿದ್ನಿ. ಅವರು ಕಿವಿ ನೋಡಿದ್ರು, ಕಾಗದ ನೋಡಿದ್ರು. ಈ ಕಾಗದದಾಗಿನ ಎಮ್ಮಿ ಇದಲ್ಲಪಾ ಅಂದ್ರು. ಇದರ ಕಿವ್ಯಾಗ ಕಡೀದು ಏಳು ಅದ. ಕಾಗದದಾಗ ಎಂಟು ಅದ.”

ಎರಡೂ ಎಮ್ಮೆಗಳಿಗೆ ಒಂದೇ ದಿನ, ಒಂದರ ಹಿಂದೆ ಒಂದರಂತೆ ಬಿಲ್ಲೆ ಚುಚ್ಚಿದ್ದು ನೆನಪಾಯಿತು. ಮೆಲ್ಲಗೆ ಹೋಗಿ ಗಂಗಿಯ ಕಿವಿ ಎತ್ತಿ ನೋಡಿದೆ. ಎಂಟು.

“ಅಂದ್ರ ನನ್ನ ಎಮ್ಮಿ ಅದ ಅಲ್ರಿ?” ಎಂದು ಭೀಮರಾಯ ಗಂಗಿಯ ಕಡೆ ಬೆರಳು ತೋರಿಸಿದ.

ಅತ್ತೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. ಗಂಗಿಯ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡರು. “ಯಾರ ಎಮ್ಮಿ?” ಎಂದರು, ಅಷ್ಟೇ.

ನಾನು ಧೈರ್ಯ ತಂದುಕೊಂಡು ಭೀಮರಾಯನಿಗೆ ತಿಳಿಸಿ ಹೇಳಲು ನೋಡಿದೆ. “ನೋಡಪಾ, ನೀ ಅವತ್ತು ಬಂದು ನೋಡಿ ಒಪ್ಪಿಕೊಂಡದ್ದು ರಾಣಿನ. ಹೆಸರು ಕೇಳಿದ್ದಿ, ಕೊಂಬು ನೋಡಿದ್ದಿ.”

ಅವನು ಕಾಗದ ನನ್ನ ಮುಂದೆ ಹಿಡಿದ. “ಏಳನೇದು ಓದ್ರಿ ಅಕ್ಕಾರ.”

ಓದಿದೆ. ಹೆಸರು, ಬಣ್ಣ, ಕೊಂಬು, ಬಾಲ. ಒಂದನ್ನೂ ಬಿಟ್ಟಿರಲಿಲ್ಲ.

“ಅದು ಬರಿಯುವಾಗ ಆದ ತಪ್ಪು. ಫೋಟೊದಾಗ ಕಣ್ತಪ್ಪಿತು.”

“ಒಂಬತ್ತನೇದ್ರಿ.”

ಅದನ್ನೂ ಓದಿದೆ. ಓದುತ್ತಿದ್ದಂತೆ ಇಂಥ ಪರಿಸ್ಥಿತಿಯಲ್ಲೂ ಒಳಗೊಳಗೇ ಒಂದು ಹೆಮ್ಮೆ ಎದ್ದಿತು. ವಾಕ್ಯ ಎಷ್ಟು ಬಿಗಿಯಾಗಿತ್ತು! ನುಸುಳಲು ಒಂದು ಅಲ್ಪವಿರಾಮದಷ್ಟೂ ಜಾಗವಿರಲಿಲ್ಲ. ನಾನು ಹೋದ ಬಾಗಿಲಿಗೆಲ್ಲ ಹೊರಗಿನಿಂದ ಚಿಲಕ ಹಾಕಿತ್ತು. ಹಾಕಿದವಳು ನಾನೇ.

ಹನ್ನೊಂದನೆಯದನ್ನು ಅವನು ಓದಿಸಲಿಲ್ಲ. ಅದನ್ನು ಕೈಯಿಂದಲೇ ಮಾಡಿ ತೋರಿಸಿದ. ರಾಣಿಯನ್ನು ಟೆಂಪೊದಿಂದ ಇಳಿಸಿ ನಮ್ಮ ಗೂಟಕ್ಕೆ ಕಟ್ಟಿದ. ಗಂಗಿಯ ಹಗ್ಗಕ್ಕೆ ಕೈ ಹಾಕಲು ಹೋದವನು ಅತ್ತೆಯ ಮುಖ ನೋಡಿ ಹಿಂದೆ ಸರಿದ.

“ಅವ್ವಾರ, ನಿಮ್ಮ ಕೂಡ ನಾ ಜಗಳಾಡಂಗಿಲ್ಲ. ಬುಧವಾರ ಬರ್ತೀನಿ. ಮನ್ಯಾಗ ಮಾತಾಡ್ಕೊಂಡು ನನ್ನ ಎಮ್ಮಿ ನನಗ ಕೊಡ್ರಿ,” ಎಂದು ಹೋದ.

ಅತ್ತೆ ಅಂದು ಊಟಕ್ಕೆ ಒಳಗೆ ಬರಲಿಲ್ಲ. ಕೊಟ್ಟಿಗೆಯಲ್ಲೇ ಗಂಗಿಯ ಹತ್ತಿರ ರೊಟ್ಟಿ ತರಿಸಿಕೊಂಡರು. ನನ್ನ ಕೂಡ ಮಾತಿಲ್ಲ. ಅವರಿಗೆ ಹೇಳಬೇಕಾದುದನ್ನೆಲ್ಲ ನನಗೆ ಕೇಳುವಂತೆ ಗಂಗಿಗೆ ಹೇಳುತ್ತಿದ್ದರು. “ನಿನಗ ನಂಬರ್ ಹಾಕಿ ಮಾರ್‍ಯಾಳವ್ವ. ನಿನ್ನ ಹೆಸರರ ಕೇಳಬಾರದಿತ್ತೇನು ಆಕಿ?” ಗಂಡನಿಗೂ ನನ್ನನ್ನು ಸಮಾಧಾನ ಮಾಡುವ ಧೈರ್ಯ ಇರಲಿಲ್ಲ. ಅವರು ಸಹಿ ಹಾಕಿದವರು.

ಅತ್ತೆ ಅಳುವುದನ್ನು ನಾನು ಮಾವ ತೀರಿಕೊಂಡಾಗ ನೋಡಿದ್ದೆ, ಆಮೇಲೆ ಅಂದೇ ನೋಡಿದ್ದು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕರಾರು ಮುರಿಯಲೇಬೇಕು ಎಂದುಕೊಂಡೆ.

ಮರುದಿನ ಕಚೇರಿಗೆ ಹೋದವಳೇ ಹೆಸರು, ಸಹಿ ಇಲ್ಲದ ಕರಾರಿನ ಕರಡನ್ನು ಸಾಹೇಬರ ಮುಂದಿಟ್ಟೆ. “ಒಬ್ಬರು ಕೇಳಾಕತ್ತಾರ್ರಿ. ಇದನ್ನ ರದ್ದು ಮಾಡಾಕ ಬರ್ತದೇನು ನೋಡ್ರಿ,” ಎಂದೆ.

ಸಾಹೇಬರು ಕನ್ನಡಕ ಏರಿಸಿ ಓದತೊಡಗಿದರು. ಮೊದಲ ಪುಟಕ್ಕೆ ಹುಬ್ಬು ಎತ್ತಿದರು. ಎರಡನೆಯದಕ್ಕೆ ಚಹಾ ಪಕ್ಕಕ್ಕೆ ಸರಿಸಿದರು. ಹನ್ನೊಂದನೇ ಷರತ್ತಿಗೆ ಬಂದಾಗ ತಲೆದೂಗಿದರು.

“ಯಾರು ಬರದಾರ ಇದನ್ನ? ಜಬರ್ದಸ್ತ್ ಅದ. ಯಾದಗಿರಿಯಿಂದ ದೊಡ್ಡ ವಕೀಲರನ್ನ ಕರಸಿದ್ರೂ ಇದರಾಗ ಸೂಜಿ ಹೋಗಂಗಿಲ್ಲ.”

ಹದಿನೆಂಟು ವರ್ಷದಲ್ಲಿ ಅವರ ಬಾಯಿಂದ ಇಂಥ ಮಾತು ನಾನು ಕೇಳಿರಲಿಲ್ಲ. ಕಣ್ಣು ತುಂಬಿ ಬಂತು. “ನಾನ ಬರದೀನ್ರಿ,” ಎಂದೆ.

“ಭೇಷ್ ಸಾವಿತ್ರಿ. ಭೇಷ್. ಇದರದೊಂದು ನಕಲು ನಮ್ಮ ಫೈಲಿನಾಗ ಇಡು, ಮಾದರಿಗಿ ಬರ್ತದ.” ಆಮೇಲೆ ಕನಿಕರದಿಂದ ಕೇಳಿದರು, “ಪಾಪ, ಎಮ್ಮಿ ಕಳಕೊಳ್ಳಾಕತ್ತಾರಲ್ಲ, ಅವರು ಯಾರು?”

“ನಾವ್ರಿ.”

ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಅತ್ತಿ ಇನ್ನೂ ಗಟ್ಟಿ ಅದಾರೇನು?” ಎಂದರು. ಹೌದೆಂದೆ. “ಹಂಗಾದ್ರ ಎರಡು ದಿನ ರಜಾ ತಗೋ,” ಎಂದರು. ಕಾನೂನಿನಲ್ಲಿ ಅವರಿಗೆ ಹೊಳೆದ ಪರಿಹಾರ ಅಷ್ಟೇ.

ಬುಧವಾರ ಮುಂಜಾನೆ ಭೀಮರಾಯ ಹೇಳಿದ ಮಾತಿನಂತೆ ಬಂದ. ಅತ್ತೆ ಆಗ ಅಂಗಳದಲ್ಲಿ ಹಾಲು ಹಿಂಡುತ್ತಿದ್ದರು. ಗಂಗಿಯನ್ನಲ್ಲ, ರಾಣಿಯನ್ನು. ಕರಾರು ಏನಾದರೂ ಇರಲಿ, ಕೆಚ್ಚಲು ತುಂಬಿದ ಎಮ್ಮೆಯನ್ನು ಹಾಗೇ ಬಿಡುವವರಲ್ಲ ಅವರು. ರಾಣಿ ಕಣ್ಣು ಅರೆಮುಚ್ಚಿ ನಿಂತಿದ್ದಳು. ಕಾಲು ಒಂದಿಷ್ಟೂ ಅಲುಗುತ್ತಿರಲಿಲ್ಲ. ಚೊರ್ ಚೊರ್ ಎಂದು ಹಾಲು ಬಕೆಟಿಗೆ ಬೀಳುತ್ತಿತ್ತು.

ಭೀಮರಾಯ ಬಾಯಿ ತೆರೆದು ನೋಡಿದ. “ಅವ್ವಾರ, ನಿಮಗ್ಯಾಕ ಒದಿಯಂಗಿಲ್ಲ ಇದು?”

“ನೀ ಯಾವ ಬದಿ ಕುಂತಿದ್ದಿ?” ಎಂದರು ಅತ್ತೆ, ಕೈ ನಿಲ್ಲಿಸದೆ.

“ಬಲಕ್ಕರಿ. ನಮ್ಮ ಮನ್ಯಾಗ ಎಲ್ಲಾರೂ ಬಲಕ್ಕ ಕುಂತ ಹಿಂಡೂದು.”

“ಇದಕ್ಕ ಬಲಗಣ್ಣು ಮಂದ ಅದಪಾ. ಸಣ್ಣದಿದ್ದಾಗ ಜ್ವಾಳದ ದಂಟು ಬಡದಿತ್ತು. ಕಾಣಲಾರದ ಬದಿಯಿಂದ ಬಂದು ಯಾರರ ಮೈ ಮುಟ್ಟಿದ್ರ ನೀನೂ ಒದಿತಿದ್ದಿ. ಎಡಕ್ಕ ಕುಂದ್ರು, ಹೆಸರು ಹಿಡದು ಕರಿ, ಆಮ್ಯಾಲ ಕೈ ಹಚ್ಚು. ಇದನ್ನ ಹೇಳಿ ಕಳಸು ಅಂತ ಸೋಮವಾರನ ಇಕಿಗಿ ಫೋನ್ ಮಾಡಿ ಹೇಳೀನಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ರಾಣಿಯೂ ತಿರುಗಿದಳು, ಕಾಣುವ ಕಣ್ಣಿನ ಕಡೆಯಿಂದ.

ಹೌದು, ಫೋನ್ ಮಾಡಿದ್ದರು. ನಾನು ಆಗ ಭೀಮರಾಯನಿಗೆ ಓದಿ ಹೇಳುವ ಮೊದಲು ಕೊನೆಯ ಸಲ ಪೂರ್ಣವಿರಾಮಗಳನ್ನು ಪರೀಕ್ಷಿಸುತ್ತಿದ್ದೆ. ಅತ್ತೆ ಕಣ್ಣು ಎಂದರು, ಎಡ ಎಂದರು, ಬಲ ಎಂದರು. ನಾನು ಹೂನ್ರಿ ಹೂನ್ರಿ ಎಂದೆ. ಏಳನೇ ಷರತ್ತಿನ ಪ್ರಕಾರ ಇದು ಯಾವುದೂ ಕರಾರಿಗೆ ಸಂಬಂಧಪಟ್ಟ ವಿಷಯವಾಗಿರಲಿಲ್ಲ. ಫೋನ್ ಇಟ್ಟೆ, ಮರೆತೆ.

ಅತ್ತೆ ಎದ್ದು ಬಕೆಟನ್ನು ಭೀಮರಾಯನ ಕೈಗೆ ಕೊಟ್ಟರು. ಅವನು ಎಡಗಡೆಗೆ ಬಂದು ಕುಳಿತು, “ರಾಣಿ, ಏ ರಾಣಿ,” ಎಂದು ಮೆಲ್ಲಗೆ ಕರೆದು ಕೈ ಹಚ್ಚಿದ. ರಾಣಿ ಕಿವಿ ಅಲುಗಿಸಿದಳು. ಮತ್ತೆ ಚೊರ್ ಚೊರ್ ಶುರುವಾಯಿತು. ಅವನ ಮುಖದಲ್ಲಿ ಬಂದ ನಗು ನೋಡಿ ನನಗೆ ಎರಡು ದಿನದಲ್ಲಿ ಮೊದಲ ಸಲ ಉಸಿರು ಸರಿಯಾಗಿ ಬಂತು.

“ನನಗ ಇದ ಎಮ್ಮಿ ಸಾಕ್ರಿ ಅವ್ವಾರ,” ಎಂದ. ಆಮೇಲೆ ಕವರಿನ ಕಡೆ ನೋಡಿ, “ಆದ್ರ ಈ ಕಾಗದದಾಗ ಗಂಗಿ ನಂದಾಗ್ಯಾಳಲ್ರಿ. ಅದನ್ನೇನು ಮಾಡೂದು?” ಎಂದ.

ನಾನು ಉತ್ಸಾಹದಿಂದ ಮುಂದೆ ಬಂದೆ. “ಅದಕ್ಕೇನು, ಒಂದು ತಿದ್ದುಪಡಿ ಕರಾರು ಮಾಡಿಬಿಡೂನು. ಮೂರು ಪುಟದಾಗ ಮುಗಸ್ತೀನಿ.”

ಅತ್ತೆ ಕೈ ಚಾಚಿ ಕಾಗದ ಇಸಿದುಕೊಂಡರು. ಅವರಿಗೆ ಓದಲು ಬರುವುದಿಲ್ಲ. ಆದರೂ ಒಂದೊಂದೇ ಪುಟ ತಿರುವಿ ನೋಡಿದರು.

“ಇದರಾಗ ಬಲಗಣ್ಣು ಅಂತ ಎಲ್ಲಿ ಬರದಿ?”

“ಇಲ್ರಿ ಅತ್ತಿ.”

“ಎಡಕ್ಕ ಕುಂತು ಹಿಂಡಬೇಕು ಅಂತ?”

“ಇಲ್ರಿ.”

“ರಾಣಿ ಅಂತ ಹೆಸರರ ಬರದಿಯೇನು?”

“ಇಲ್ರಿ.”

“ಮತ್ತ ಐದು ಹಾಳಿ ಏನ ಬರದಿ?”

ಹದಿನೆಂಟು ವರ್ಷದ ವೃತ್ತಿಯಲ್ಲಿ ಇಷ್ಟು ಕಠಿಣವಾದ ಪಾಟೀಸವಾಲನ್ನು ನಾನು ಎದುರಿಸಿರಲಿಲ್ಲ. ಪುಟಗಳ ಮೇಲೆಲ್ಲ ‘ರದ್ದು’ ಎಂದು ಬರೆದು ನನ್ನ ಗಂಡ ಮತ್ತು ಭೀಮರಾಯ ಸಹಿ ಮಾಡಿದರು. ತಿದ್ದುಪಡಿ ಯಾರಿಗೂ ಬೇಕಾಗಲಿಲ್ಲ. ಭೀಮರಾಯ ರಾಣಿಯ ಹಗ್ಗ ಹಿಡಿದುಕೊಂಡ, ಅತ್ತೆ ಅವಳ ಹಣೆ ಸವರಿ ಕಳಿಸಿದರು. ಸಂಜೆ ನನಗೆ ತಾವಾಗಿಯೇ ಚಹಾ ಮಾಡಿಕೊಟ್ಟರು. ಅದರಲ್ಲಿ ಗಂಗಿಯ ಹಾಲಿತ್ತು.

ಕರಾರಿನ ನಕಲು ಮಾತ್ರ ಸಾಹೇಬರ ಮಾದರಿ ಫೈಲಿನಲ್ಲಿ ಈಗಲೂ ಇದೆ. ಹೊಸದಾಗಿ ಬಂದ ಜೂನಿಯರ್ ವಕೀಲರಿಗೆ ಅವರು ಅದನ್ನು ತೆಗೆದು ತೋರಿಸುತ್ತಾರೆ. ನಾನು ಕೇಳಿಸದವಳಂತೆ ಟೈಪ್ ಮಾಡುತ್ತಿರುತ್ತೇನೆ, ಸ್ವಲ್ಪ ಸದ್ದು ಕಡಿಮೆ ಮಾಡಿ.

ಮೊನ್ನೆ ಭೀಮರಾಯ ಕಚೇರಿಗೇ ಬಂದ. ಹಳೆಯ ಮೋಟರ್‌ಸೈಕಲ್ ಮಾರುತ್ತಿದ್ದನಂತೆ, ಕೊಳ್ಳುವವನೂ ಜೊತೆಗಿದ್ದ. ಬೇರೆ ಟೈಪಿಸ್ಟರು ಕೆಲಸವಿಲ್ಲದೆ ಕುಳಿತಿದ್ದರೂ ಅವನು ನೇರವಾಗಿ ನನ್ನ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ, “ನನಗ ಈ ಅಕ್ಕಾರ ಬರದದ್ದ ಬೇಕು. ಇವರು ಬರದ್ರಂದ್ರ ಯಾರಪ್ಪನ ಕಡಿಂದೂ ಮುರಿಯಾಕ ಆಗಂಗಿಲ್ಲ,” ಎಂದ. ಅಕ್ಕಪಕ್ಕದವರು ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಶುರು ಮಾಡಿದೆ. ಸದರಿ ಸಂಖ್ಯೆ ಎಂದರೆ, ಸದರಿ ವಾಹನ ಎಂದರೆ. ಬೆರಳುಗಳು ಹಾರುತ್ತಿದ್ದವು. ಚಾಸಿ ನಂಬರಿನ ಜಾಗಕ್ಕೆ ಬಂದು, “ಹೇಳಪಾ ನಂಬರ್,” ಎಂದೆ.

ಭೀಮರಾಯ ಮೇಜಿನ ಮೇಲೆ ಬಾಗಿ, ಬೇರೆಯವರಿಗೆ ಕೇಳಿಸದಂತೆ ಬಹಳ ಮರ್ಯಾದೆಯಿಂದ ಹೇಳಿದ. “ಅಕ್ಕಾರ, ಅಷ್ಟು ಜಾಗ ಖಾಲಿ ಬಿಡ್ರಿ. ನಂಬರ್ ನಾನ ಗಾಡಿ ನೋಡಿ ಬರ್ಕೊಂತೀನಿ.”

ಬಿಟ್ಟೆ. ಗೆರೆಯನ್ನು ಮಾತ್ರ ಬಹಳ ನೇರವಾಗಿ ಎಳೆದೆ.